ಒಂದೇ ಕುರಿಗೆ ಊರಿನ ಗಿಡವೆಲ್ಲ

ನಮ್ಮ ಮಾವನನ್ನು ಮನೆಗೆ ಕರೆಯುವ ಮುನ್ನ ನಿಮ್ಮ ಅಂಗಳದ ಗಿಡಗಳನ್ನೆಲ್ಲ ಎಲ್ಲಾದರೂ ಬಚ್ಚಿಡಿ! ಬೋನಾಳದಲ್ಲಿರುವ ಈ ಸೋದರಮಾವನ ಕಣ್ಣಿಗೆ ಜಗತ್ತಿನ ಗಿಡವೆಲ್ಲ ಮೇವು. ಹಾಗಂತ ಅವನ ಬಳಿ ನೂರಾರು ಕುರಿಗಳಿವೆಯೇ? ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಹಿಂಡನ್ನೆಲ್ಲ ಮಾರಿದ. ಉಳಿಸಿಕೊಂಡದ್ದು ಒಂದೇ ಒಂದು. ಅದೂ ಹಲ್ಲುದುರಿದ ಮುದಿ ಕುರಿ! ಹೊಲದ ಹುಲ್ಲು ಕಚ್ಚಲಾರದು, ಮೆತ್ತಗಿನ ಎಲೆ ಸಿಗದಿದ್ದರೆ ಬದುಕಲಾರದು. ಅದನ್ನೂ ಮಾರು ಅಂದವರ ಕೂಡ ಮಾವ ಮಾತು ಬಿಟ್ಟಿದ್ದಾನೆ.

ಎಲೆಗಳ ವಿಷಯದಲ್ಲಿ ಅವನು ಯಾವ ಡಾಕ್ಟರಿಗೂ ಕಡಿಮೆಯಿಲ್ಲ. ನುಗ್ಗೆ ಸೊಪ್ಪು ಶಕ್ತಿಗೆ, ಬೇವು ಹೊಟ್ಟೆಯ ಹುಳಕ್ಕೆ. ಸುಬಾಬುಲ್ ಮಾತ್ರ ಹಿತಮಿತ.

"ಅದನ್ನ ಭಾಳ ತಿಂದ್ರ ಮೈಮ್ಯಾಲಿನ ಕೂದಲಾ ಉದುರ್ತಾವ, ಅಳಿಯಾ" ಎಂದವನು ನನ್ನ ಬೋಳುತಲೆ ನೋಡಿ, "ನೀ ಏನ್ ತಿಂದಿದ್ದಿ?" ಎಂದ!

ಈ ಸಲದ ದಸರೆಗೆ ಶಹಾಪುರದ ನಮ್ಮ ಮನೆಗೆ ಬಂದಿದ್ದ. ಜನ ಬನ್ನಿ ಕೊಟ್ಟು ಅಪ್ಪಿಕೊಳ್ಳಲು ಕೈ ಚಾಚಿದರೆ ಇವನು ಚೀಲ ಚಾಚುತ್ತಿದ್ದ. ಓಣಿಯ ಪ್ರತಿ ಮನೆಗೂ ಹೋಗಿ, ಗುರುತಿಲ್ಲದವರ ಕಾಲಿಗೂ ಬಿದ್ದು ಬನ್ನಿ ಇಸಕೊಂಡ. ನನ್ನ ಮಾನ ಹೋಯಿತು.

"ಮಾವಾ, ಬಂಗಾರ ಅಂತ ಕೊಟ್ಟಿದ್ದನ್ನ ಕುರಿಗೆ ಹಾಕ್ತಿಯೇನು?"

"ದೇವರ ಮುಂದ ಇಟ್ರ ಒಣಗ್ತದ. ಅದರ ಹೊಟ್ಟ್ಯಾಗ ಹೋದ್ರ ರಕ್ತ ಆಗ್ತದ, ಸುಮ್ನಿರು."

ಮೊನ್ನೆ, ಕುರಿ ಮೇವು ಬಿಟ್ಟಿದೆ ಎಂದು ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ದನದ ಡಾಕ್ಟರು ಬಂದು, ವಯಸ್ಸಾಯಿತು ಎಂದು ಹೇಳಿ ಹೋಗಿದ್ದರು. ಮಾವನೂ ಎರಡು ದಿನದಿಂದ ಉಂಡಿರಲಿಲ್ಲ. ನನಗೆ ಸಿಟ್ಟೇ ಬಂತು.

"ಇಡೀ ಹಿಂಡು ಮಾರಿದಿ. ಇದೊಂದಕ್ಕ ಯಾಕ ಇಷ್ಟು ಹಚ್ಕೊಂಡಿ, ಮಾವಾ?"

ಮಾವ ಕುರಿಯ ಬೆನ್ನು ಸವರಿದ.

"ಇದು ನಿಮ್ಮತ್ತಿ ಸಾಕಿದ್ದು. ಕಡೀಕ ಆಕಿಗೂ ಹಲ್ಲು ಇರಲಿಲ್ಲ, ರೊಟ್ಟಿ ನುಂಗಾಕ ಆಗ್ತಿರಲಿಲ್ಲ. ನಾ ಹಿಂಡು ಹೊಡ್ಕೊಂಡು ನಾರಾಯಣಪುರದ ಕಡಿಗಿ ಹೋಗಿದ್ದೆ. ಬರೂದ್ರಾಗ ಹೋಗಿಬಿಟ್ಟಿದ್ಳು. ಮನ್ಯಾಗ ಇದ್ದಿದ್ರ ಒಂದೀಟು ನುಚ್ಚಾದ್ರೂ ಮೆತ್ತಗ ಕುದಿಸಿ ಉಣಸ್ತಿದ್ದೆ."

ನನಗೆ ನಾಚಿಕೆಯಾಯಿತು. ಅತ್ತೆಯ ಮಣ್ಣಿಗೆ ನಾನೂ ಹೋಗಿ ಬಂದಿದ್ದೆ. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಇಡೀ ವರ್ಷ ನಗುವುದರಲ್ಲೇ ಕಳೆದಿದ್ದೆ.

ಮಾವ ಅಂಗೈಯಲ್ಲಿ ನುಗ್ಗೆಯ ಚಿಗುರು ಹಿಡಿದು ಕುರಿಯ ಬಾಯಿಗೆ ಒಡ್ಡಿದ. ಅದು ಮೂಸಿ ನೋಡಿ ಮುಖ ತಿರುಗಿಸಿತು. ಅವನು ಅದರ ಗದ್ದ ಹಿಡಿದು ಮೆಲ್ಲಗೆ ಹೇಳಿದ:

"ಒಂದೆಲಿ ತಿನ್ನವ್ವಾ. ಈಗ ನಾ ಮನ್ಯಾಗ ಇದ್ದೀನಲ್ಲ."