ಹುಬ್ಬು ತಿದ್ದುವವಳ ಲೈಸೆನ್ಸು

ನಾನು ಹುಬ್ಬು ತಿದ್ದೋ ಕೆಲಸ ಮಾಡ್ತೀನಿ ಅಂದ ತಕ್ಷಣ ಎದುರಿಗಿದ್ದವರ ಹುಬ್ಬು ತಾನಾಗೇ ಮೇಲೇರುತ್ತೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಇದು ತಪ್ಪಿದ್ದಿಲ್ಲ. ಮೊದಮೊದಲು ಅಳು ಬರೋದು. ಆಮೇಲೆ ಸಿಟ್ಟು ಬರೋದು. ಈಗ ಏನೂ ಬರಲ್ಲ. ಏರಿದ ಹುಬ್ಬಲ್ಲಿ ಎಡಗಡೇದು ಒಸಿ ದಪ್ಪ ಇದೆಯಲ್ಲ ಅಂತ ಕಣ್ಣಿಗೆ ಬೀಳುತ್ತೆ, ಅಷ್ಟೆ.

೧. ಎಷ್ಟು ಎಚ್‌ಪಿ?

ನಮ್ಮೂರು ಬೈರಮಂಗಲದ ಹತ್ತಿರ. ಪಿಯುಸಿ ಆದ ಮೇಲೆ ರಾಮನಗರದಲ್ಲಿ ಐಟಿಐ ಸೇರ್ತೀನಿ ಅಂದಾಗ ಅಪ್ಪನಿಗೆ ಭಾರಿ ಖುಷಿ. ಅವನ ಲೆಕ್ಕದಲ್ಲಿ ಐಟಿಐ ಅಂದ್ರೆ ಬಿಡದಿ ಕಾರ್ ಫ್ಯಾಕ್ಟರಿ, ಫ್ಯಾಕ್ಟರಿ ಅಂದ್ರೆ ಯೂನಿಫಾರಂ, ಕಂಪನಿ ಬಸ್ಸು, ಪಿಎಫ್ಫು. ಟ್ರೇಡ್ ಯಾವುದು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿಗೆಲ್ಲ ಸಾರಿಕೊಂಡು ಬಂದ.

ಮೂರನೇ ವಾರ ದೊಡ್ಡಪ್ಪ ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನ ಸ್ಕೂಟರ್ ಮೇಲೆ ಹೇರ್ಕೊಂಡು ಬಂದು ನಮ್ಮ ಜಗಲಿ ಮೇಲೆ ಇಳಿಸಿದರು.

"ಒಸಿ ಬಿಚ್ಚಿ ನೋಡವ್ವ. ಕಾಯಿಲ್ ಹೋಗೈತೆ ಅನ್ಸುತ್ತೆ."

"ನಂಗೆ ಮೋಟ್ರು ಬರಲ್ಲ ದೊಡ್ಡಪ್ಪ. ನಂದು ಕಾಸ್ಮೆಟಾಲಜಿ."

"ಅದು ಎಷ್ಟು ಎಚ್‌ಪೀದು?"

ಬಿಡಿಸಿ ಹೇಳಬೇಕಾಯ್ತು. ಕೂದಲು, ಮುಖ, ಉಗುರು ಅಂತ ಒಂದೊಂದೇ ಹೇಳ್ತಾ ಹೋದ ಹಾಗೆ ದೊಡ್ಡಪ್ಪನ ಮುಖ ಕಪ್ಪಿಟ್ಟುಕೊಂಡು ಹೋಯ್ತು.

"ನಮ್ಮ ಮನೆ ಹೆಣ್ಮಗ ಕಂಡೋರ ತಲೆ ಮುಟ್ಟೋದಾ? ಕಂಡೋರ ಕಾಲು ಹಿಡ್ಕೊಂಡು ಉಗುರು ಕತ್ತರಿಸೋದಾ?"

"ಡಾಕ್ಟ್ರು ಮುಟ್ಟಲ್ವಾ?"

"ಅವ್ರು ಓದಿರ್ತಾರೆ ಕಣಮ್ಮಿ."

"ನಾನೂ ಓದೋಕ್ಕೇ ಹೋಗ್ತಿರೋದು. ಬಿಡಲ್ಲ."

ಅಷ್ಟು ಹೊತ್ತೂ ಅಪ್ಪ ಕುಕ್ಕರಗಾಲಲ್ಲಿ ಕೂತು ಮೋಟರನ್ನೇ ನೋಡ್ತಾ ಇದ್ದ. ದೊಡ್ಡಪ್ಪ ಅವನ ಕಡೆ ತಿರುಗಿ, "ನಿನ್ನ ಮಗಳು ಕೆಟ್ಟೋದ್ಲು ಕಣ್ಲಾ," ಅಂದರು.

ಅಪ್ಪ ತಲೆ ಎತ್ತದೆ ಅಂದ: "ಮೋಟ್ರೂ ಕೆಟ್ಟೋಗೈತಲ್ಲಣ್ಣ. ಮೊದ್ಲು ಅದನ್ನ ನೋಡೋಣ ನಡಿ, ತೋಟಕ್ಕೆ ನೀರಿಲ್ಲ."

೨. ಅಮ್ಮನ ಆಶ್ಚರ್ಯ

ದಾರ ಹಿಡಿದು ಹುಬ್ಬಿನ ಕೂದಲು ಕೀಳೋದು ಕಲಿಯೋಕ್ಕೆ ಒಂದು ಮುಖ ಬೇಕು. ಅಮ್ಮ ಕೊಟ್ಟಳು.

ಬಲಗಡೆ ಸ್ವಲ್ಪ ಜಾಸ್ತಿ ಕಿತ್ತುಬಂತು. ಸಮ ಮಾಡೋಣ ಅಂತ ಎಡಗಡೆ ಕಿತ್ತೆ. ಅದು ಇನ್ನೂ ಸಣ್ಣ ಆಯ್ತು. ಮತ್ತೆ ಬಲಗಡೆ ಬಂದೆ. ಹೀಗೇ ಹೋಗಿ ಬಂದು ಕೊನೆಗೆ ಅಮ್ಮನ ಹಣೆ ಮೇಲೆ, ಇರಬೇಕಾದ ಜಾಗಕ್ಕಿಂತ ಒಂದು ಬೆರಳು ಮೇಲೆ, ಎರಡು ಕಪ್ಪು ಗೆರೆ ಉಳಿದವು. ಅಮ್ಮ ಕನ್ನಡಿ ನೋಡಿದಳು. ಬಯ್ಯಲಿಲ್ಲ. "ಮತ್ತೆ ಬೆಳೀತದೆ ಅಲ್ವಾ?" ಅಂದಳು. ಆಮೇಲೆ ಒಂದು ತಿಂಗಳು ಪೂರ್ತಿ, ನಿದ್ದೆಯಲ್ಲೂ, ಅವಳ ಮುಖದಲ್ಲಿ ಭಾರಿ ಆಶ್ಚರ್ಯ.

ಅಪ್ಪನಿಗೆ ವಿಷಯ ಯಾರೂ ಹೇಳಲಿಲ್ಲ. ಡೇರಿಯಲ್ಲಿ ಯಾರು ಯಾರಿಗೆ ಏನಂದ್ರು ಅಂತ ದಿನಾ ಅವನು ಹೇಳೋನು, ಅಮ್ಮ ಹುಬ್ಬೇರಿಸಿಕೊಂಡು ಕೇಳೋಳು. ಒಂದು ದಿನ ನನ್ನ ಪಕ್ಕಕ್ಕೆ ಕರೆದು ಮೆತ್ತಗೆ ಅಂದ: "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು ಕಣಮ್ಮಿ. ನಿಮ್ಮವ್ವ ನನ್ನ ಮಾತನ್ನ ಈಗ ಆಸೆಯಿಂದ ಕೇಳ್ತಾವ್ಳೆ."

ಹುಬ್ಬು ಬೆಳೆದ ಮೇಲೆ ಪಾಪ, ಅಪ್ಪ ಮತ್ತೆ ಮಾತು ಕಡಿಮೆ ಮಾಡಿದ.

೩. ಪಾಸಾಗಿದ್ದು ಯಾರು

ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬಳೂ ಒಬ್ಬ ಮಾಡೆಲ್ ಕರ್ಕೊಂಡು ಬರಬೇಕು. ನನ್ನ ಮಾಡೆಲ್ ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗೋ ನನ್ನ ಗೆಳತಿ. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ, "ರಜೆ ಕೊಡ್ಲಿಲ್ಲ ಕಣೆ," ಅಂತ ಅತ್ತಳು. ಮಾಡೆಲ್ ಇಲ್ಲ ಅಂದ್ರೆ ಮುಂದಿನ ವರ್ಷ ಬಾ ಅಂದರು ನಮ್ಮ ಮೇಡಂ. ಮುಂದಿನ ವರ್ಷ ಅಂದ್ರೆ ನಮ್ಮ ಮನೆ ಭಾಷೆಯಲ್ಲಿ ಮದುವೆ ಅಂತ ಅರ್ಥ.

ಏಪ್ರನ್ ಹಾಕ್ಕೊಂಡೇ ಗೇಟಿನಾಚೆ ಓಡಿದೆ. ಹೂವು ಮಾರೋ ಅಕ್ಕ ಕೂತಿದ್ದಳು.

"ಅಕ್ಕ, ಒಂದು ಗಂಟೆ ಹೊತ್ತು ಒಳಗೆ ಬಾ. ನಿನ್ನ ಮುಖ ಕ್ಲೀನ್ ಮಾಡ್ಬೇಕು."

"ಏಯ್, ನನ್ನ ಮುಖ ನಾನೇ ತೊಳ್ಕೊಂಡು ಬಂದಿವ್ನಿ!"

ಕೈಮುಗಿದೆ. ನನ್ನ ಕಣ್ಣಲ್ಲಿ ನೀರು ನೋಡಿ ಬುಟ್ಟಿ ಎತ್ತಿಕೊಂಡು ಬಂದಳು. ಬುಟ್ಟಿಯನ್ನ ಕಾಲ ಹತ್ತಿರವೇ ಇಟ್ಟುಕೊಂಡು ಮಲಗಿದಳು.

ಪರೀಕ್ಷೆಗೆ ಬಂದಿದ್ದ ಮೇಡಂ ನಗು ಅನ್ನೋದನ್ನ ಮನೆಯಲ್ಲಿ ಬಿಟ್ಟು ಬಂದಿದ್ದರು. ಫೇಶಿಯಲ್ ಅರ್ಧ ಆಗಿತ್ತು, ನನ್ನ ಪಕ್ಕ ಬಂದು ನಿಂತು ಕೇಳಿದರು: "ಮುಖದ ಮಸಾಜಿನಿಂದ ಮುಖ್ಯ ಪ್ರಯೋಜನ ಏನು?"

ಐದು ಪ್ರಯೋಜನ ಉರು ಹೊಡೆದಿದ್ದೆ. ಐದೂ ಹಾರಿಹೋದವು. ಪೆನ್ನು ಹಿಡಿದು ಕಾಯ್ತಾ ನಿಂತರು. ಅಷ್ಟರಲ್ಲಿ ನನ್ನ ಕೈ ಕೆಳಗಿಂದ, ಉದ್ದಕ್ಕೆ, ಗೊರ್ರ್ ಅಂತ ಒಂದು ಗೊರಕೆ ಬಂತು.

"ಇದೇ ಮೇಡಂ," ಅಂದೆ.

ಅವರ ತುಟಿ ಅಲ್ಲಾಡಿತು. ಏನೋ ಬರೆದುಕೊಂಡು ಮುಂದಕ್ಕೆ ಹೋದರು. ಎಲ್ಲ ಮುಗಿದ ಮೇಲೆ ಹೂವಿನ ಅಕ್ಕನನ್ನ ಅಲ್ಲಾಡಿಸಿ ಎಬ್ಬಿಸಬೇಕಾಯ್ತು. ಸುತ್ತ ನೋಡಿದಳು, ಮೊದಲು ಬುಟ್ಟಿ ಮುಟ್ಟಿ ನೋಡಿಕೊಂಡಳು, ಆಮೇಲೆ ಗಾಬರಿಯಿಂದ ಕೇಳಿದಳು:

"ಪಾಸಾದ್ನಾ ನಾನು?"

೪. ಮಾಗಡಿಯ ಕಡೆಯವರು

ಸರ್ಟಿಫಿಕೇಟ್ ಬಂತು. ಚನ್ನಪಟ್ಟಣದ ಒಂದು ಪಾರ್ಲರಿನಲ್ಲಿ ಕೆಲಸಕ್ಕೆ ಸೇರಿದೆ, ಮದುಮಗಳ ಮೇಕಪ್ಪಿನಲ್ಲಿ ನನ್ನ ಕೈ ಚೆನ್ನಾಗಿದೆ ಅಂತ ಹೆಸರೂ ಬಂತು. ಆಗ ಮಾಗಡಿ ಕಡೆಯಿಂದ ಒಂದು ಗಂಡು ನೋಡೋಕ್ಕೆ ಬಂತು.

ಗಂಡಿನ ಅಪ್ಪ ಉಪ್ಪಿಟ್ಟು ತಿಂತಾ ಅಂದರು, "ಹುಡುಗಿ ಒಪ್ಪಿಗೆ. ಆದ್ರೆ ಮದ್ವೆ ಆದ್ಮೇಲೆ ಈ ಪಾರ್ಲರು ಗೀರ್ಲರು ಎಲ್ಲ ಬುಟ್ಬುಡಬೇಕು." ಹುಡುಗ ಹೌದು ಹೌದು ಅನ್ನೋ ಹಾಗೆ ತಲೆ ಆಡಿಸಿದ.

ನಾನು ನೇರ ಅವನನ್ನೇ ಕೇಳಿದೆ. "ನೀವೇನು ಕೆಲಸ ಮಾಡ್ತೀರಾ?"

"ಫೋಟೋ ಸ್ಟುಡಿಯೋ. ಮದ್ವೆ ಆರ್ಡರು ಹಿಡೀತೀನಿ."

"ನನ್ನಂಥೋರೆಲ್ಲ ಕೆಲಸ ಬಿಟ್ರೆ ನೀವು ಯಾರ ಫೋಟೋ ಹಿಡೀತೀರಾ?"

ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಮಾತ್ರ ಮಾರನೇ ದಿನ ಬೆಳಿಗ್ಗೆ ಎಂದಿನ ಬಸ್ಸಿಗೇ ಚನ್ನಪಟ್ಟಣಕ್ಕೆ ಹೋದೆ.

ಆರು ತಿಂಗಳಾದ ಮೇಲೆ ಕನಕಪುರದಲ್ಲೊಂದು ಮದುವೆ. ಮದುಮಗಳನ್ನ ರೆಡಿ ಮಾಡಿ ಛತ್ರದ ಹಾಲ್‌ಗೆ ಕರ್ಕೊಂಡು ಬಂದೆ. ಕ್ಯಾಮೆರಾ ಹಿಂದಿದ್ದವನು ತಲೆ ಎತ್ತದೆ, "ಮೇಡಂ, ಹಣೆ ಹೊಳೀತೈತೆ, ಒಸಿ ಪೌಡರ್ ಹಾಕಿ," ಅಂದ. ಆಮೇಲೆ ತಲೆ ಎತ್ತಿದ. ಅವನೇ.

"ಹಾಕ್ಲಾ? ಇಲ್ಲಾ ಬುಟ್ಬುಡ್ಲಾ?" ಅಂದೆ.

೫. ಮಾಲೀಕರು ಯಾರು

ಕೊನೆಗೆ ಸ್ವಂತ ಅಂಗಡಿ ಇಡೋದು ಅಂತ ತೀರ್ಮಾನ ಮಾಡಿದೆ. ಅಂಗಡಿಗೆ ಲೈಸೆನ್ಸ್ ಬೇಕು. ಕಚೇರಿಯ ಹೆಸರು ಬೇಡ. ಲೇಡೀಸ್ ಪಾರ್ಲರಿಗೆ ಅಂತ ಅರ್ಜಿ ಹಿಡಿದು ಹೋದೆ. ಗುಮಾಸ್ತರು ಕಣ್ಣಾಡಿಸಿದರು.

"ಮಾಲೀಕರು ಯಾರಮ್ಮ?"

"ನಾನೇ ಸರ್."

"ಅದಲ್ಲ. ಯಜಮಾನ್ರು?"

"ನಾನೇ ಸರ್."

"ಮನೆಯಲ್ಲಿ ಗಂಡಸರು ಯಾರಿದಾರೋ ಅವರನ್ನ ಕಳಿಸಮ್ಮ," ಅಂದು ಅರ್ಜಿಯನ್ನ ನನ್ನ ಕಡೆ ತಳ್ಳಿದರು. ಹಾಗಂತ ಯಾವ ರೂಲ್ಸಲ್ಲಿ ಇದೆ ತೋರಿಸಿ ಅಂದೆ. ನಾಳೆ ಬಾ ಅಂದರು. ನಾಳೆ ಹೋದೆ. ಸೋಮವಾರ ಬಾ ಅಂದರು. ಸೋಮವಾರ ಹೋಗುವಾಗ ಊಟದ ಡಬ್ಬಿ ತಗೊಂಡು ಹೋಗಿ ಅವರ ಎದುರಿನ ಬೆಂಚಿನ ಮೇಲೇ ಕೂತೆ. ಲೈಸೆನ್ಸ್ ಇಲ್ಲದೆ ಏಳಲ್ಲ ಅಂತ ಗಟ್ಟಿಯಾಗೇ ಹೇಳಿದೆ. ಕಚೇರಿಯೆಲ್ಲ ಕೇಳಿಸಿಕೊಂಡಿತು.

ಮಧ್ಯಾಹ್ನದ ತನಕ ಎದುರಿಗೇ ಕೂತವಳಿಗೆ ನೋಡೋಕ್ಕೆ ಬೇರೆ ಏನಿದೆ? ಗುಮಾಸ್ತರ ತಲೆಯನ್ನೇ ನೋಡ್ತಾ ಇದ್ದೆ. ಹಿಂದಿನ ದಿನ ತಲೆಗೆ ಡೈ ಹಾಕ್ಕೊಂಡಿದ್ದಾರೆ. ಕೂದಲಿಗಿಂತ ಕಿವಿ ಜಾಸ್ತಿ ಕಪ್ಪಾಗಿದೆ. ಹಣೆ ಮೇಲೂ ಒಂದು ಪಟ್ಟಿ.

"ಏನಮ್ಮ, ಹಂಗೆ ನೋಡ್ತಾ ಇದ್ದೀಯ?"

"ಕಿವಿ ಮೇಲಿನ ಬಣ್ಣ ಸರ್. ನಾಳೆಗೆ ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳುತ್ತೆ."

ಪಕ್ಕದ ಟೇಬಲ್ಲಿನವರು ಕಿಸಕ್ಕಂದರು. ಇವರು ಕಿವಿ ಮುಚ್ಚಿಕೊಂಡು, ದನಿ ಇಳಿಸಿ, "ನಾಡಿದ್ದು ತಂಗಿ ಮಗಳ ನಿಶ್ಚಿತಾರ್ಥ ಐತೆ ಕಣಮ್ಮ. ತೆಗೆಯೋಕ್ಕೆ ಆಗುತ್ತಾ?" ಅಂದರು.

"ಆಗುತ್ತೆ ಸರ್. ಆದ್ರೆ ಲೈಸೆನ್ಸ್ ಇಲ್ಲದೆ ನಾನು ಹೇಳೋ ಹಾಗಿಲ್ಲವಲ್ಲ."

ಮೂರು ಸಲ ಅಲೆದರೂ ಸಿಗದೆ ಇದ್ದ ಸೀಲು ಎರಡು ನಿಮಿಷಕ್ಕೆ ಸಿಕ್ಕಿತು. ಸಾಹೇಬರ ರೂಮಿಗೆ ತಾವೇ ಓಡಿಹೋಗಿ ಸಹಿ ಹಾಕಿಸಿಕೊಂಡು ಬಂದರು. ಮಾಲೀಕರು ಅನ್ನೋ ಕಡೆ ನನ್ನ ಹೆಸರು, ನನ್ನದೊಂದೇ ಹೆಸರು. ಎರಡು ಸಲ ಓದಿ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

"ಈಗ ಹೇಳಮ್ಮ. ಅಂಗಡಿಗೆ ಎಷ್ಟು ಗಂಟೆಗೆ ಬರ್ಲಿ?"

"ನೀವು ಬರೋ ಹಾಗಿಲ್ಲ ಸರ್. ಮಹಿಳೆಯರಿಗೆ ಮಾತ್ರ ಅಂತ ಲೈಸೆನ್ಸಲ್ಲಿ ನೀವೇ ಬರೆದಿದ್ದೀರಲ್ಲ," ಅಂದು ಎದ್ದೆ. "ಮನೆಯಲ್ಲಿ ಹೆಂಗಸರು ಯಾರಿದಾರೋ ಅವರನ್ನ ಕಳಿಸಿ."