ಬೆಣ್ಣೆ ತಿಂದ ಯಂತ್ರ, ಬೈಗುಳ ತಿಂದ ಬೆಕ್ಕು

ನನ್ನನ್ನು ಏಮಾರಿಸುವ ಯಂತ್ರ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲವೆಂದು ಮೊನ್ನೆ ಮೊನ್ನೆಯವರೆಗೂ ಎದೆ ತಟ್ಟಿ ಹೇಳುತ್ತಿದ್ದೆ. ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಸರಕು ತಪಾಸಣೆ ಮಾಡಿ, ‘ತಿರಸ್ಕೃತ’ ಎಂಬ ಮುದ್ರೆ ಒತ್ತಿ ಒತ್ತಿ ಬಲಗೈ ಎಡಗೈಗಿಂತ ಎರಡಂಗುಲ ಉದ್ದವಾಗಿರುವ ಮನುಷ್ಯ ನಾನು! ಹಾಗಾಗಿ ಡಾಕ್ಟರು, “ಕರಿದದ್ದು ಬಿಡಿ, ಬೆಣ್ಣೆ ಮುಟ್ಟಲೇಬೇಡಿ. ಬಾಯಾಡಿಸೋಕೆ ಸಾದಾ ಪಾಪ್‌ಕಾರ್ನ್ ತಿನ್ನಿ” ಎಂದಾಗ, “ಪಾಪ್‌ಕಾರ್ನ್ ಯಂತ್ರ ಆರಿಸೋದು ನನಗೆ ಬಿಡು” ಎಂದು ಮನೆಯಾಕೆಗೆ ಘೋಷಿಸಿದೆ.

ಅಂಗಡಿಯಲ್ಲಿ ಏಳು ಯಂತ್ರಗಳಿದ್ದವು. ಏಳನ್ನೂ ಬೆರಳಲ್ಲಿ ತಟ್ಟಿದೆ, ಕಿವಿಗಿಟ್ಟೆ, ಮೂಸಿದೆ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಪರೀಕ್ಷೆ ಮಾಡಿರಲಿಲ್ಲ.

“ಎಣ್ಣೆ ಹಾಕೋದ್ರಲ್ಲಿ ರುಚಿ ಜಾಸ್ತಿ ಸಾರ್,” ಎಂದ ಅಂಗಡಿಯವನು.

“ಎಣ್ಣೆ? ನನ್ನ ಹೃದಯದ ಶತ್ರು!” ಎಂದೆ, ಮನೆಯಾಕೆಗೆ ಕೇಳಿಸುವಂತೆ.

“ಹಾಗಾದ್ರೆ ಈ ಬಿಸಿಗಾಳಿದು ತಗೊಳ್ಳಿ. ಒಂದೇ ಮಾತು, ಇದರೊಳಗೆ ಎಣ್ಣೆ, ಬೆಣ್ಣೆ ಒಂದು ಹನಿಯೂ ಬೀಳಬಾರದು. ಕೆಟ್ಟುಹೋಗುತ್ತೆ.”

“ಯಾರಿಗೆ ಹೇಳ್ತಿದ್ದೀರಿ!” ಎಂದು ನಕ್ಕೆ.

ಅಂದು ಸಂಜೆ ಮೊದಲ ಬಟ್ಟಲು ಬಂತು. ದಿಂಬಿನ ಹತ್ತಿ ಕಿತ್ತು ತಿಂದ ಹಾಗಿತ್ತು. ಹನ್ನೊಂದು ವರ್ಷದಿಂದ ನಮ್ಮ ಸೋಫಾದ ಒಡತಿಯಾಗಿರುವ ಬೆಕ್ಕು ಪುಟ್ಟಿ ಕೂಡ ಮೂಸಿ ಮುಖ ತಿರುಗಿಸಿತು.

“ಹೇಗಿದೆ ರೀ?”

“ಅಮೃತ!” ಎಂದೆ.

ಮರುದಿನ ಆಕೆ ಅಕ್ಕನ ಮನೆಗೆ ಹೋದದ್ದೇ ತಡ, ಯಂತ್ರದೊಳಗೆ ಒಂದು ಚಮಚ ಬೆಣ್ಣೆ ಇಳಿಸಿದೆ. ಹನಿ ಬೀಳಬಾರದು ಅಂದಿದ್ದ, ಚಮಚದ ಮಾತು ಎತ್ತಿರಲಿಲ್ಲವಲ್ಲ! ಆಹಾ, ಆ ಘಮಕ್ಕೆ ಗೋಡೆಯ ಗಡಿಯಾರವೂ ಒಂದು ಕ್ಷಣ ನಿಂತಿತು. ಅದರ ಮರುದಿನ ಎರಡು ಚಮಚ. ಮೂರನೆಯ ದಿನ ಲೆಕ್ಕ ತಪ್ಪಿತು. ನಾಲ್ಕನೆಯ ದಿನ ಆಕೆ ವಾಪಸು ಬಂದು ಅಡುಗೆಮನೆಗೆ ಕಾಲಿಟ್ಟಳು.

“ಡಬ್ಬಿ ತುಂಬ ಬೆಣ್ಣೆ ಇತ್ತಲ್ಲ, ಎಲ್ಲಿ ಹೋಯ್ತು ರೀ?”

ದೇವರಾಣೆ, ನಾನು ಸುಳ್ಳು ಹೇಳಲಿಲ್ಲ. ಮೀಸೆ ನೆಕ್ಕುತ್ತಾ ಕುಳಿತಿದ್ದ ಪುಟ್ಟಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟೆ, ಅಷ್ಟೆ.

“ಕಳ್ಳಿ! ಇಷ್ಟು ವರ್ಷ ಸಾಕಿದ್ದಕ್ಕೆ ಇದಾ?” ಎಂದು ಆಕೆ ಬೆಕ್ಕನ್ನು ಬಾಲ್ಕನಿಗೆ ದಬ್ಬಿ ಬಾಗಿಲು ಹಾಕಿದಳು. ಅದು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿತ್ತು. ನಾನು ಪರದೆ ಎಳೆದೆ. ಆಮೇಲೆ ಆ ಕಡೆ ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ.

ಐದನೆಯ ದಿನ ಯಂತ್ರ ನರಳಿತು, ಕರಿ ಹೊಗೆ ಉಗುಳಿತು, ಕಣ್ಣು ಮುಚ್ಚಿತು. ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಆಕೆ, “ನಡೀರಿ, ಅಂಗಡಿಯವನನ್ನೇ ಕೇಳೋಣ” ಎಂದಳು. ತಪಾಸಣಾಧಿಕಾರಿ ಹಿಂಜರಿಯುವುದುಂಟೇ?

“ಇಂಥಾ ಕಳಪೆ ಮಾಲು ಮಾರ್ತೀರಾ? ನಾನು ಯಾರು ಗೊತ್ತಾ?” ಎಂದು ಅಂಗಡಿಯ ಗಾಜು ಅದುರುವಂತೆ ಗುಡುಗಿದೆ. ಗಿರಾಕಿಗಳೆಲ್ಲ ಸುತ್ತ ಸೇರಿದರು. ರಿಪೇರಿ ಮಾಡುವ ಹೆಂಗಸು ನಾಲ್ಕು ಸ್ಕ್ರೂ ಬಿಚ್ಚಿ, ಯಂತ್ರವನ್ನು ಕಾಗದದ ಮೇಲೆ ಬೋರಲು ಹಾಕಿದಳು. ಹಳದಿ ಧಾರೆ ನಿಧಾನವಾಗಿ ಇಳಿಯಿತು.

“ಬೆಣ್ಣೆ, ಸಾರ್.”

“ಅದು... ಮನೇಲಿ ಒಂದು ಬೆಕ್ಕು...” ಎಂದೆ.

“ಚಮಚ ಹಿಡಿಯೋಕೆ ಬರುತ್ತಾ ಸಾರ್ ಅದಕ್ಕೆ?”

ಅಂಗಡಿಗೆ ಅಂಗಡಿಯೇ ನಕ್ಕಿತು. ನಗದಿದ್ದವಳು ಮನೆಯಾಕೆ ಒಬ್ಬಳೇ. ನೆಲ ಬಿರಿದು ನನ್ನನ್ನು ನುಂಗಬಾರದೇ ಎಂದು ಕೆಳಗೆ ನೋಡಿದೆ. ನೆಲವೂ ನನ್ನನ್ನು ತಿನ್ನಲು ಒಪ್ಪಲಿಲ್ಲ.

ದಾರಿಯುದ್ದಕ್ಕೂ ಆಕೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಗೆ ಬಂದವಳೇ ಬಾಲ್ಕನಿ ಬಾಗಿಲು ತೆರೆದು ಬೆಕ್ಕನ್ನು ಎತ್ತಿಕೊಂಡಳು. “ತಪ್ಪಾಯ್ತು ಕಣೇ ಪುಟ್ಟಿ” ಎಂದು ಅದರ ತಲೆ ನೇವರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕೋತಿ ಕಥೆ ಕೇಳಿದ್ದೆ. ಆ ಕೋತಿಗೆ ನಲವತ್ತು ವರ್ಷದಿಂದ ಅಡುಗೆ ಮಾಡಿ ಹಾಕ್ತಿದ್ದೀನಿ ಅಂತ ಗೊತ್ತಿರಲಿಲ್ಲ!” ಎಂದಳು.

ನಾನು ಮಂಡಿಯೂರಿ ಬೆಕ್ಕಿನ ಮುಂದೆ ಬಲಗೈ ಚಾಚಿದೆ. ಪುಟ್ಟಿ ಕೈಯನ್ನು ಈ ತುದಿಯಿಂದ ಆ ತುದಿಗೆ ಸಾವಕಾಶವಾಗಿ ಮೂಸಿ ನೋಡಿತು. ಥೇಟ್ ನನ್ನದೇ ತಪಾಸಣೆ! ನಂತರ ಮುಂಗಾಲೆತ್ತಿ, ಅಂಗೈ ಮಧ್ಯಕ್ಕೆ ಸರಿಯಾಗಿ ಒತ್ತಿ, ಆಚೆ ತಳ್ಳಿತು.

ಮೂವತ್ತೆರಡು ವರ್ಷ ನಾನು ಒತ್ತಿದ ಮುದ್ರೆ ನನಗೆ ಗೊತ್ತಾಗದೇ?