ಕಾಶ್ಯಪ ಗೋತ್ರದ ಡೆನ್ಮಾರ್ಕಿನವನು

ನನ್ನ ಭಾವನಿಗೆ ಡೆನ್ಮಾರ್ಕ್ ದೇಶದಲ್ಲಿ ಒಬ್ಬ ದಾಯಾದಿ ಇದ್ದಾನೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ!

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಹಿಟ್ಟು ರುಬ್ಬಿ ರುಬ್ಬಿ, ಅಮೆರಿಕದ ಡುಲುತ್‌ ಊರಿನಲ್ಲಿ ಸ್ವಂತ ದೋಸೆ ಅಂಗಡಿ ಹಾಕಿದವನು ನಾನು. ಯಾರ ಮುಲಾಜಿನಲ್ಲೂ ಇಲ್ಲ. ಅಕ್ಕನ ಗಂಡ ಎಂಜಿನಿಯರ್. ಹೋದ ಚಳಿಗಾಲ ಕಂಪನಿ ಅವರನ್ನು ಮನೆಗೆ ಕಳಿಸಿತು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ಸಂಸಾರ ಗಂಟುಮೂಟೆ ಕಟ್ಟಬೇಕು. ಕೆಲಸ ಹುಡುಕುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಮನೆ ತುಂಬಾ ಅತ್ತಿಂದಿತ್ತ ಓಡಾಡುತ್ತಾ ಅವರು ಜಪಿಸುತ್ತಿದ್ದದ್ದು ಮಾತ್ರ ಆ ಡೆನ್ಮಾರ್ಕಿನ ಹುಡುಗನನ್ನು!

ಹುಡುಗ ನಮ್ಮೂರಿನ ಚಿಕ್ಕ ತಂಡದಲ್ಲಿ ಐಸ್ ಹಾಕಿ ಆಡುತ್ತಿದ್ದ. ಮುಂದಿನ ಎರಡು ಹಲ್ಲು ಆಟದಲ್ಲೇ ಉದುರಿದ್ದವು. ಆದರೂ ಅವನು ನಕ್ಕರೆ ಊರಿನ ಮಕ್ಕಳೆಲ್ಲ ಕುಣಿಯುತ್ತಿದ್ದರು. ದೊಡ್ಡ ತಂಡ ಇವತ್ತು ಕರೆದೀತು, ನಾಳೆ ಕರೆದೀತು ಎಂದು ಕಾಯುತ್ತಿದ್ದ.

"ಅವನೂ ವೀಸಾ ಮೇಲೇ ಬಂದಿರೋದು ಕಣೋ," ಎನ್ನುತ್ತಿದ್ದರು ಭಾವ, ಅದೇ ದೊಡ್ಡ ಬಿರುದು ಎಂಬಂತೆ.

ಒಮ್ಮೆ ನಾನು ಸೀನಿದ ಗಳಿಗೆಗೇ ಅವನು ಗೋಲು ಹೊಡೆದುಬಿಟ್ಟ. ಮುಗಿಯಿತು ನನ್ನ ಕಥೆ! ಆಮೇಲೆ ಪ್ರತಿ ಆಟಕ್ಕೂ ಭಾವ ನನ್ನನ್ನು ಎಳೆದುಕೊಂಡು ಹೋಗಿ, "ಲೋ, ಸೀನೋ! ಮೆಣಸಿನಪುಡಿ ತರ್ಲಾ?"

ಕೆಲಸ ಸಿಗಲೆಂದು ಅರ್ಚನೆ ಮಾಡಿಸಲು ಅಕ್ಕ ನಮ್ಮನ್ನೆಲ್ಲ ದೇವಸ್ಥಾನಕ್ಕೆ ಹೊರಡಿಸಿದಳು. ಈ ಮಹಾರಾಯರು ಹುಡುಗನ ಹೆಸರು ಹೇಳಿದರು!

"ಗೋತ್ರ?" ಎಂದರು ಭಟ್ಟರು.

"ಡೆನ್ಮಾರ್ಕು ಸ್ವಾಮಿ. ಗೋತ್ರ ಗೊತ್ತಿಲ್ಲ."

"ಗೊತ್ತಿಲ್ದೋರಿಗೆ ಕಾಶ್ಯಪ ಗೋತ್ರ ಹೇಳ್ತೀವಿ."

"ಅಯ್ಯೋ, ನಮ್ದೂ ಅದೇ!"

ಅಕ್ಕ ಉರಿದುಬಿದ್ದಳು. "ರೀ, ನಿಮಗೆ ಅರ್ಚನೆ ಮಾಡ್ಸಿ ಅಂದ್ರೆ..."

"ಅವನಿಗೆ ಸಿಕ್ರೆ ನನಗೂ ಸಿಗತ್ತೆ ಕಣೇ."

"ಸದ್ಯ ಭಾವ, ಒಂದೇ ಗೋತ್ರ, ಮಗಳನ್ನ ಕೊಡೋ ಹಾಗಿಲ್ಲ!" ಎಂದೆ ನಾನು.

"ಮಾಮ, ದಟ್ಸ್ ನಾಟ್ ಫನ್ನಿ!" ಎಂದು ಅಕ್ಕನ ಮಗಳು ಮುಖ ಊದಿಸಿದಳು.

ದೇವರಿಗೆ ಈ ದಾಯಾದಿ ಸಂಬಂಧ ಒಪ್ಪಿಗೆಯಾಗಲಿಲ್ಲವೋ ಏನೋ. ದೊಡ್ಡ ತಂಡ ಹುಡುಗನನ್ನು ಕರೆಯಲಿಲ್ಲ. ಚಿಕ್ಕ ತಂಡವೂ ಕೈಬಿಟ್ಟಿತು. ಭಾವನಿಗೂ ಎಲ್ಲಿಂದಲೂ ಕರೆ ಬಂದಿರಲಿಲ್ಲ. ಸುದ್ದಿ ತಿಳಿದ ಮಧ್ಯಾಹ್ನವೇ ಭಾವ ಕ್ರೀಡಾಂಗಣದ ಹಿಂಬಾಗಿಲಲ್ಲಿ ಕಾದು ನಿಂತು, ಹೊರಬಂದ ಹುಡುಗನನ್ನು ನನ್ನ ಅಂಗಡಿಗೆ ಕರೆತಂದರು. ಆ ಆಜಾನುಬಾಹು ಎದುರಿಗಿದ್ದರೂ ಹಾಕಿಯ ಮಾತಿಲ್ಲ, ಸಲಹೆ ಇಲ್ಲ. ಚಟ್ನಿ ಬಡಿಸಿ, ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು:

"ಅಮ್ಮನಿಗೆ ಹೇಳಿದ್ಯಾ?"

ಹುಡುಗ ತಲೆ ತಗ್ಗಿಸಿಕೊಂಡೇ ಇಲ್ಲವೆಂದ.

"ನಾನೂ ನಮ್ಮಮ್ಮನಿಗೆ ಇನ್ನೂ ಹೇಳಿಲ್ಲ ಕಣೋ." ಈ ಮಾತು ಮಾತ್ರ ಭಾವನ ಬಾಯಿಂದ ಕನ್ನಡದಲ್ಲೇ ಬಂದುಬಿಟ್ಟಿತು. ಹುಡುಗನಿಗೆ ಏನು ಅರ್ಥವಾಯಿತೋ, ಭಾವನ ಕೈಮೇಲೆ ಕೈಯಿಟ್ಟ.

ನಾನು ಅವರತ್ತ ಬೆನ್ನು ತಿರುಗಿಸಿ ಕಾದ ಕಾವಲಿಗೆ ನೀರು ಚಿಮುಕಿಸಿದೆ, ಅದಾದರೂ ಒಂದಿಷ್ಟು ಸದ್ದು ಮಾಡಲಿ ಎಂದು.